ಬಡಿಗ ತಪ್ಪಿದ ಮನೆ

ನಿಡಗಟ್ಟಿಯ ಬಡಿಗೇರ ಮನೆತನ ಇಂದು ನಿನ್ನೆಯದಲ್ಲ. ಊರ ಗುಡಿಯ ಬಾಗಿಲು, ಮಸೀದಿಯ ಏಣಿ, ಕಾನ್ವೆಂಟ್ ಶಾಲೆಯ ಮೊದಲ ಬೆಂಚುಗಳು ಅವರ ಕೈಯಲ್ಲೇ ಆದವು. ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುವ ಒಂದು ಬಾಗಿಲನ್ನೂ ಅವರು ಯಾರಿಗೂ ಕೊಟ್ಟಿಲ್ಲ. ಆದರೂ ಆ ಊರಿನ ಅತ್ಯಂತ ಹಳೆಯ ಮನೆಯ ಹೆಸರು ಕೇಳಿದರೆ ಮಕ್ಕಳೂ ಥಟ್ಟನೆ ಹೇಳುತ್ತಾರೆ: ಬಡಿಗ ತಪ್ಪಿದ ಮನೆ. ಕೋಟೆಯ ಹಾಳುಗೋಡೆಯ ಮಗ್ಗುಲಲ್ಲಿ ಅದು ಇಂದಿಗೂ ನಿಂತಿದೆ. ಇಪ್ಪತ್ತನಾಲ್ಕು ಸಾಗುವಾನಿ ಕಂಬ, ಅವುಗಳ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಎಲ್ಲದರ ಮೇಲೆ ಮೊಳದಪ್ಪ ಮಣ್ಣಿನ ಮಾಳಿಗೆ. ಒಂದು ಮೊಳೆಯೂ ಇಲ್ಲ. ಒಂದರ ಬಾಯಿಗೆ ಇನ್ನೊಂದು ಕೂತ ಕೆಲಸ. ಗೋಡೆಗಳು ಭಾರ ಹೊರುವುದಿಲ್ಲ, ಗಾಳಿ ತಡೆಯುತ್ತವೆ ಅಷ್ಟೇ. ಎರಡು ಸಲ ಹಿತ್ತಲ ಗೋಡೆ ಪೂರ್ತಿ ಕುಸಿದಾಗಲೂ ಮಾಳಿಗೆ ಒಂದು ಬೆರಳು ಇಳಿಯಲಿಲ್ಲ ಎನ್ನುತ್ತಾರೆ. ಇಂಥ ಮನೆ ಕಟ್ಟಿದವನು ಎಲ್ಲಿ ತಪ್ಪಿದ ಎಂದು ಕೇಳುವ ತಾಳ್ಮೆ ಮಾತ್ರ ಯಾರಿಗೂ ಇಲ್ಲ.

ಹಿಂದೆ ಒಮ್ಮೆ, ಊರಿಗೆ ಗಾವುಂಡರೇ ಒಡೆಯರಾಗಿದ್ದ ಕಾಲದಲ್ಲಿ, ಮಲ್ಲಗಾವುಂಡ ಈ ಮನೆ ಕಟ್ಟಿಸಲು ಬಡಿಗೇರರ ಮೂಲಪುರುಷ ಕೇತೋಜನನ್ನು ಕರೆಸಿದ. ಕೇತೋಜನಿಗೆ ಒಂದು ನಿಷ್ಠೆಯಿತ್ತು. ಮರ ಕಾಡಿನಲ್ಲಿ ಹೇಗೆ ನಿಂತಿತ್ತೋ ಮನೆಯಲ್ಲೂ ಹಾಗೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ತಲೆಕೆಳಗಾದ ಕಂಬ ಮನೆಗೆ ಕೇಡು ಎಂದು ಊರು ನಂಬಿತ್ತು. ಕಸುಬಿಗೇ ಅವಮಾನ ಎಂದು ಕೇತೋಜ ನಂಬಿದ್ದ. ಅದಕ್ಕೇ ಮರ ಕಡಿದ ಗಳಿಗೆಯಲ್ಲೇ ಪ್ರತಿ ದಿಮ್ಮಿಯ ಬುಡದ ಬದಿಗೆ ಉಳಿಯಿಂದ ಮೂರು ಗೆರೆ ಹೊಡೆಯುತ್ತಿದ್ದ. ಕಂಬ ನಿಂತ ಮೇಲೆ ಆ ಗೆರೆ ಕಲ್ಲಿನ ಕುಣಿಯೊಳಗೆ ಮುಚ್ಚಿಹೋಗುತ್ತಿತ್ತು.

ಕಂಬಗಳು ಸಿದ್ಧವಾಗಿ ಅಂಗಳದಲ್ಲಿ ಮಲಗಿದ್ದಾಗ ಕೇತೋಜನ ತಾಯಿ ತೀರಿಕೊಂಡಳು. ಸೂತಕದ ಹನ್ನೊಂದು ದಿನ ಅವನು ಉಳಿ ಮುಟ್ಟಲಿಲ್ಲ. ಆ ನಡುವೆ ಬೀಗರು ಮನೆ ನೋಡಲು ಬರುತ್ತಾರೆಂದು ಗಾವುಂಡ ಆಳುಗಳಿಂದ ಕಂಬಗಳಿಗೆ ಕೀಸುಳಿ ಹಾಕಿಸಿ ನುಣುಪು ಮಾಡಿಸಿದ. ಕೇತೋಜ ಮರಳಿದಾಗ ಒಂದು ಗೆರೆಯೂ ಉಳಿದಿರಲಿಲ್ಲ. ಅವನು ಬಾಗಿ ಗಂಟು ನೋಡಿ, ನಾರು ಸವರಿ, ಇಪ್ಪತ್ತಮೂರು ಕಂಬಗಳ ಬುಡ ಗುರುತಿಸಿದ. ಉಳಿದ ಒಂದು ಎರಡೂ ತುದಿಗೆ ಸಮದಪ್ಪ. ಮೇಲೆ ಒಂದು ಗಂಟೂ ಕಾಣದು.

"ಇದನ್ನ ಕೆರಿಗೆ ಇಳಸ್ರಿ, ಗೌಡ್ರ. ಬುಡ ಭಾರ, ನೀರಾಗ ಅದ ಮೊದಲ ಮುಳಗತೈತಿ. ಆಮ್ಯಾಲ ಹೇಳ್ತೀನಿ."

ಮಲ್ಲಗಾವುಂಡ ಮನೆ ನೋಡಲು ಬಂದಿದ್ದ ಬೀಗರ ಕಡೆ ತಿರುಗಿ ನಕ್ಕ. "ಕೇಳಿದ್ರ್ಯಾ? ನಮ್ಮ ಬಡಿಗ್ಯಾಗ ಮರ ಗೊತ್ತಿಲ್ಲಂತ, ಕೆರಿ ಕೇಳಿ ಹೇಳ್ತಾನಂತ!"

"ಗೊತ್ತಿರ್ಲಿ ಅಂತನ ಗೆರಿ ಹೊಡದಿದ್ನಿ. ಅದನ್ನ ಹೆರದವ್ರು ಯಾರಂತ ಬೀಗರಿಗೂ ಹೇಳ್ರಿ."

"ನೆಂದ ಕಂಬ ಒಣಗೂದ್ರಾಗ ಮುಹೂರ್ತ ಮುಗದು ನನಗ ಮರಿಮಕ್ಕಳಾಗ್ತಾವು. ನಿಲ್ಲಸೋ!"

ಕೇತೋಜ ಕೈಕಟ್ಟಿ ನಿಂತ. ಆಳುಗಳೇ ಆ ಕಂಬ ಎತ್ತಿ ಈಶಾನ್ಯದ ಮೂಲೆಗೆ ನಿಲ್ಲಿಸಿದರು. ಮೇಲಿನ ತೊಲೆಯನ್ನು ಮಾತ್ರ ಅವನೇ ಕೂರಿಸಿದ. ಕೆಲಸ ಅರ್ಧಕ್ಕೆ ಬಿಡುವ ಮನೆತನ ಅದಲ್ಲ. ಅವನು ಮಾಡಿದ ತಪ್ಪು ಏನಾದರೂ ಇದ್ದರೆ ಅದೊಂದೇ.

ಮರುವರ್ಷದ ಬೇಸಿಗೆಗೆ ಆ ಕಂಬ ಬಿರುಕು ಬಿಟ್ಟು ಒಳಗಿನ ಗಂಟೊಂದು ತೋರಿತು. ಆಕಾಶದ ಕಡೆ ಓರೆಯಾಗಬೇಕಿದ್ದ ಕೊಂಬೆಯ ಗಂಟು ನೆಲದ ಕಡೆ ಓರೆಯಾಗಿತ್ತು. ಅದೇ ವಾರ ಗಾವುಂಡನ ಎತ್ತು ಸತ್ತಿತು. ಗಾವುಂಡ ಚಾವಡಿಯಲ್ಲಿ ಕೂತು ಒಂದೇ ಮಾತು ಹೇಳಿದ: ಬಡಿಗ ತಪ್ಪಿದ. ಗೆರೆ ಹೆರೆದ ಆಳುಗಳು ಅಲ್ಲೇ ಇದ್ದರು, ಬೀಗರೂ ಇದ್ದರು. ಕೇತೋಜ ಗಾವುಂಡನ ಮುಖವನ್ನೇ ನೋಡುತ್ತ ಕಾದ. ಬಡಿಗ ಗೆರೆ ಹೊಡೆದಿದ್ದ ಎಂಬ ಒಂದು ಮಾತು ಯಾರ ಬಾಯಿಂದಲಾದರೂ ಬಂದಿದ್ದರೆ ಸಾಕಿತ್ತು. ಬರಲಿಲ್ಲ. ಆಮೇಲೆ ನಿಡಗಟ್ಟಿಯಲ್ಲಿ ಯಾರೂ ಅವನಿಂದ ಹೊಸಿಲು ಇಡಿಸಲಿಲ್ಲ. ಚಟ್ಟ ಕಟ್ಟಲು ಮಾತ್ರ ಕರೆದರು. ಆ ಕೆಲಸವನ್ನೂ ಅವನು ಅಚ್ಚುಕಟ್ಟಾಗಿಯೇ ಮಾಡಿದ. ಕೊನೆಗೆ ಮಲ್ಲಗಾವುಂಡನ ಚಟ್ಟಕ್ಕೂ ಅವನದೇ ಕೈ. ಅದರ ಎರಡೂ ಬಿದಿರಿನ ಬುಡದಲ್ಲಿ ಮೂರು ಮೂರು ಗೆರೆ ಇದ್ದವು ಎನ್ನುತ್ತಾರೆ.

ಇಂದಿಗೂ ಬಂದವರು ಈಶಾನ್ಯದ ಆ ಕಂಬದ ಬಿರುಕಿಗೆ ಬೆರಳಿಟ್ಟು ಗಂಟು ನೋಡುತ್ತಾರೆ, ನಗುತ್ತಾರೆ. ಗಾವುಂಡನ ವಂಶದವರು ಹಬ್ಬದ ದಿನ ಇಪ್ಪತ್ತಮೂರು ಕಂಬಗಳಿಗೆ ಕುಂಕುಮ ಹಚ್ಚಿ ಅದೊಂದನ್ನು ಬಿಡುತ್ತಾರೆ. ಭಾರವನ್ನು ಅದೂ ಉಳಿದವುಗಳಷ್ಟೇ ಹೊತ್ತಿದೆ. ಹೋದ ವರ್ಷ ಅವರು ಬಾಗಿಲ ಪಕ್ಕ ಕಲ್ಲಿನ ಫಲಕ ಹಾಕಿಸಿ ಮನೆಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಕೊರೆಸಿದ್ದಾರೆ. ಅದೇ ಬಾಗಿಲನ್ನು ಅದೇ ವರ್ಷ ದುರಸ್ತಿ ಮಾಡಿಕೊಟ್ಟವರು ಬಡಿಗೇರರು. ಫಲಕ ಇಡುವುದು ತೆಗೆಯುವುದು ಹಾಕಿಸಿದವರಿಗೆ ಬಿಟ್ಟದ್ದು. ಗಾವುಂಡನ ವಂಶದವರು ಬಡಿಗೇರ ಮನೆತನದ ಕ್ಷಮೆ ಕೇಳಬೇಕು.