ಆಕಾಶಕ್ಕೆ ಪಥ್ಯ

ಒಂದಾನೊಂದು ಊರಿನಲ್ಲಿ ಒಬ್ಬ ರಾಜ. ಬಿಸಿನೀರಿನ ಸ್ನಾನವೆಂದರೆ ಅವನಿಗೆ ಹುಚ್ಚು. ಬೆಳಿಗ್ಗೆ ಸ್ನಾನ, ಮಧ್ಯಾಹ್ನ ಸ್ನಾನ, ಸ್ನಾನ ಮಾಡಿ ದಣಿವಾಯಿತೆಂದು ಮತ್ತೊಂದು ಸ್ನಾನ. ಅವನ ಹಂಡೆಯ ಒಲೆಗೆ ಸೌದೆ ಒಟ್ಟುವವನು ದ್ಯಾವಯ್ಯ. ರಾಜನನ್ನು ನೋಡಿ ಊರವರೂ ಮನೆಮನೆಯಲ್ಲಿ ಹಂಡೆ ಕಾಯಿಸಿದರು. ಹೊಗೆಯೆಲ್ಲ ಆಕಾಶದ ಹೊಟ್ಟೆ ಸೇರಿತು.

ಒಂದು ದಿನ ದ್ಯಾವಯ್ಯನ ಹಿತ್ತಲ ಬಾವಿ ಕೂಗಿತು. "ದ್ಯಾವಣ್ಣಾ, ನನ್ನ ತಳ ಕಾಣ್ತಾ ಇದೆ, ನಾಚಿಕೆಯಾಗ್ತದೆ. ಆಕಾಶಕ್ಕೆ ಜ್ವರ ಕಣಣ್ಣಾ. ಮೈಯೆಲ್ಲ ಕೆಂಡ, ಒಂದು ಹನಿ ಬೆವರಿಲ್ಲ."

ಊರಿಗೆ ಉಳಿದಿದ್ದ ಬಾವಿ ಅದೊಂದೇ. ದ್ಯಾವಯ್ಯ ಅರಮನೆಗೆ ಓಡಿದ.

ರಾಜ ತಲೆಯ ಸೀಗೆಪುಡಿ ಸಮೇತ ಸಭೆ ಕರೆದ. "ಜ್ವರ ಬಂದರೆ ಏನು ಮಾಡ್ತಾರೆ?"

"ಹಣೆಗೆ ಒದ್ದೆ ಬಟ್ಟೆ ಹಾಕ್ತಾರೆ, ಮಹಾಪ್ರಭು."

ಆಕಾಶದ ಹಣೆ ಎಲ್ಲಿ? ಹುಡುಕಲು ಒಂದು ಸಮಿತಿಯಾಯಿತು. ಸಮಿತಿ ಕೂತು ಕೂತು ದಣಿದು ಬಿಸಿನೀರಿನ ಸ್ನಾನ ಮಾಡಿತು. ರೋಗಿ ಮಲಗಿದೆ, ಗದ್ದಲ ಬೇಡ ಎಂದು ಡಂಗುರವನ್ನೂ ಸಾರಿದರು. ಪಿಸುಮಾತಿನಲ್ಲಿ ಸಾರಿದ್ದರಿಂದ ಯಾರಿಗೂ ಕೇಳಿಸಲಿಲ್ಲ.

ಊರವರು ಸುಮ್ಮನಿರುತ್ತಾರೆಯೇ? ರೋಗಿಯನ್ನು ನೋಡಿ ಬರೋಣವೆಂದು ಎಳನೀರು ಹಿಡಿದು ಗುಡ್ಡ ಹತ್ತಿದರು. "ಹೇಗಿದ್ದೀಯಪ್ಪಾ?"

ಆಕಾಶ ಕೆಮ್ಮಿತು. "ಹೊಗೆ ಜೀರ್ಣವಾಗ್ತಿಲ್ಲ."

"ಹಾಗಾದರೆ ಹೊಗೆಗೆ ಪಥ್ಯ!" ಎಂದರು ಎಲ್ಲರೂ.

ಆ ಊರಲ್ಲಿ ಒಬ್ಬರಿಗೆ ಪಥ್ಯವಾದರೆ ಮನೆಮಂದಿಯೆಲ್ಲ ಗಂಜಿ ಕುಡಿಯಬೇಕು. ಆಕಾಶದ ಕೆಳಗಿರುವವರೆಲ್ಲ ಒಂದೇ ಮನೆಯವರು ತಾನೇ? ಮನೆಮನೆಯ ಹಂಡೆ ಒಲೆ ಆರಿತು. ಉಳಿದದ್ದು ಅರಮನೆಯದು. ಅದು ಆರಿದರೆ ದ್ಯಾವಯ್ಯನ ಅನ್ನವೂ ಹೋಯಿತು. ಆದರೂ ಅವನು ಬಾವಿಯನ್ನು ನೆನೆದು ಸೌದೆ ಹೊರಗೆಳೆದೇಬಿಟ್ಟ.

"ಲೋ ದ್ಯಾವಾ, ನೀರು ತಣ್ಣಗಿದೆಯಲ್ಲೋ!" ಎಂದು ರಾಜ ಕೂಗಿದ.

"ಬುದ್ಧೀ, ಮನೇಲಿ ಪಥ್ಯ ನಡೀತಾ ಇದೆ."

"ನಾನೂ ಮನೆಯವನೇನೋ?"

"ಮತ್ತೇನು ಬುದ್ಧೀ, ಯಜಮಾನರೇ ನೀವು."

ರಾಜ ಸ್ವಲ್ಪ ಹೊತ್ತು ಅತ್ತ. ಆಮೇಲೆ ಕಣ್ಣು ಮುಚ್ಚಿ ಒಂದು ಚೊಂಬು ಸುರಿದುಕೊಂಡ. "ಅಯ್ಯಯ್ಯಪ್ಪೋ!" ಎಂದು ಕುಣಿದ ಕುಣಿತಕ್ಕೆ ಆಕಾಶ ಬಿದ್ದು ಬಿದ್ದು ನಕ್ಕಿತು. ನಕ್ಕು ನಕ್ಕು ಬೆವರಿತು. ಬೆವರಿದರೆ ಜ್ವರ ಇಳಿಯುತ್ತದಲ್ಲವೇ? ದಬದಬನೆ ಸುರಿಯಿತು. ಬಾವಿ ಬಾಯಿ ತೆರೆದು ಗಟಗಟ ಕುಡಿಯಿತು. ದ್ಯಾವಯ್ಯನಿಗೆ ಸಂತೋಷದಲ್ಲಿ ಅಳುವೇ ಬಂತು.

ರಾಜ ಅವನಿಗೆ ಹೊಸ ಕೆಲಸ ಕೊಟ್ಟ. ದಿನಾ ಗುಡ್ಡ ಹತ್ತಿ ಆಕಾಶದ ನಾಡಿ ಹಿಡಿದು ನೋಡುವುದು. ಜ್ವರ ಇನ್ನೂ ಪೂರ್ತಿ ಬಿಟ್ಟಿಲ್ಲವಂತೆ, ಇಳಿಯುತ್ತಿದೆಯಂತೆ.

ಇದರ ನೀತಿ ಏನಪ್ಪಾ ಅಂದರೆ, ಊರು ಒಲೆ ಆರಿಸಿದ ಮೇಲೆ ರಾಜ ತಡಮಾಡದೆ ತಣ್ಣೀರು ಸುರಿದುಕೊಳ್ಳಬೇಕು. ಕತೆ ಆಯಿತು, ಏಳಿ. ಹೋಗುವಾಗ ನಾವು ಸುತ್ತ ಕೂತು ಮೈ ಕಾಯಿಸಿಕೊಂಡ ಈ ಬೆಂಕಿಯನ್ನೂ ಆರಿಸಿ ಹೋಗಿ.