ಗುರುವಿನ ಪಟ್ಟೆ ಕದ್ದ ಮೂವರು

ಗುರುಗ್ರಹದ ಮೈಮೇಲಿನ ಎರಡು ಪಟ್ಟೆಗಳು ಕಾಣೆಯಾಗಿರುವುದರಿಂದ ಹೊನ್ನಗುಡ್ಡ ಸಂಸ್ಥಾನದಲ್ಲಿ ಮದುವೆ, ಸಂತೆ ಮತ್ತು ಜೋರು ನಗೆಯನ್ನು ಮುಂದಿನ ಆಜ್ಞೆಯವರೆಗೆ ನಿಲ್ಲಿಸಲಾಗಿದೆ ಎಂದು ಡಂಗುರ ಸಾರಿದರು. ಪುಸ್ತಕದ ಚಿತ್ರಗಳಲ್ಲೆಲ್ಲ ಪಟ್ಟೆಗಳು ಇದ್ದವು. ಗಗನರಾಯ ದೊರೆಗಳು ದೂರದರ್ಶಕಕ್ಕೆ ವೆಬ್‌ಕ್ಯಾಮ್ ಹಾಕಿಸಿ ಖುದ್ದಾಗಿ ತೆಗೆದ ಚಿತ್ರದಲ್ಲಿ ಮಾತ್ರ ಇರಲಿಲ್ಲ. ಅಲ್ಲಿ ಗುರು ಗೋಡೆಗೆ ತಟ್ಟಿದ ಬೆರಣಿಯ ಹಾಗಿದ್ದ.

ಡಂಗುರದ ಉಳಿದ ಭಾಗ ಹೀಗಿತ್ತು: ದೊರೆಗಳು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಅರ್ಧ ರಾಜ್ಯ ಮತ್ತು ರಾಜಕುಮಾರಿ. ತಪ್ಪಿದವನಿಗೆ ಅಮಾವಾಸ್ಯೆಯ ದಿನ ಗಲ್ಲು. ವೆಬ್‌ಕ್ಯಾಮನ್ನು ದೂರದರ್ಶಕದ ಕೊಳವೆಗೆ ಸಿಕ್ಕಿಸಿಕೊಟ್ಟ ದೊಡ್ಡೀರ ಎಂಬಾತನನ್ನು ಪಟ್ಟೆ ಕದ್ದ ಅನುಮಾನದ ಮೇಲೆ ಹಿಡಿಯಲಾಗಿದೆ. ಒಗಟನ್ನು ಯಾರೂ ಬಿಡಿಸದಿದ್ದರೆ ಅವನಿಗೂ ಅದೇ ದಿನ ಗಲ್ಲು.

ಒಗಟುಗಳ ಉತ್ತರ ದೊರೆಗೂ ಗೊತ್ತಿರಲಿಲ್ಲ. ಇದರಿಂದ ತೊಂದರೆಯೇನೂ ಆಗಲಿಲ್ಲ. ಉತ್ತರ ಹೇಳಿದಂತೆ ಮಾಡಿ ನೋಡುವುದು, ಚಿತ್ರ ಸುಧಾರಿಸದಿದ್ದರೆ ಹೇಳಿದವನನ್ನು ಸೆರೆಮನೆಗೆ ಕಳಿಸುವುದು.

"ಸೆಕೆಂಡಿಗೆ ಮೂವತ್ತು ಚಿತ್ರ ತೆಗೆದರೆ ಗುರುವಿನ ಮೈ ಚೌಕ ಚೌಕವಾಗಿ ಒಡೆಯುತ್ತದೆ. ಹತ್ತು ತೆಗೆದರೆ ಅಷ್ಟು ಒಡೆಯುವುದಿಲ್ಲ," ಎಂದು ದೊರೆ ಮೊದಲನೆಯ ಒಗಟು ಶುರುಮಾಡಿದರು. "ಹೆಚ್ಚು ಕೇಳಿದಷ್ಟೂ ಕಡಿಮೆ ಕೊಡುವ ಆ ಕಳ್ಳ ಯಾರು?"

ಮೂಡಣದುರ್ಗದ ಯುವರಾಜ ಮುಂದೆ ಬಂದ. "ವೇಗ ಸಾಲದು ಮಾವಾ, ಅರವತ್ತಕ್ಕೆ ಏರಿಸಿ!"

ಏರಿಸಿದರು. ಗುರು ಬೆಲ್ಲದ ಅಚ್ಚಾದ.

"ಇನ್ನೂ ಮಾವ ಆಗಿಲ್ಲ," ಎಂದು ದೊರೆ ಕಾವಲಿನವರಿಗೆ ಸನ್ನೆ ಮಾಡಿದರು.

ಪಡುವಣದುರ್ಗದ ಯುವರಾಜನ ಪ್ರಕಾರ ತಪ್ಪೆಲ್ಲ ಬಯಲಿನ ಇಬ್ಬನಿಯದು. ದೊರೆಗಳು ಒಳಗೆ ಬೆಚ್ಚಗೆ ಕೂರಲಿ ಎಂದು ಅವನು ದರ್ಬಾರಿನವರೆಗೆ ಮುಟ್ಟುವ ಉದ್ದನೆಯ ಕೇಬಲ್ ತಂದಿದ್ದ. ಅಷ್ಟು ಉದ್ದದ ಕೇಬಲ್ಲಿನಲ್ಲಿ ಗುರು ಬರಲೇ ಇಲ್ಲ. ಆ ಯುವರಾಜನೂ ಸೆರೆಮನೆಗೆ ಹೋದ.

ಆಮೇಲೆ ಬಂದವನು ದೊಡ್ಡೀರನ ತಮ್ಮ ಚಿಕ್ಕೀರ, ಬಾತುಕೋಳಿ ಮೇಯಿಸುವವನು.

"ನಂಗೆ ರಾಜ್ಯ ಬ್ಯಾಡ ಬುದ್ಧೀ. ನಮ್ಮಣ್ಣನ್ನ ನೋಡಬೇಕು."

"ಒಗಟಿಗೆ ಉತ್ತರ ಹೇಳದೆ ನೋಡುವಂತಿಲ್ಲ."

"ಸರಿಯಾಗಿ ಹೇಳಿದ್ರೆ?"

"ನೋಡಬಹುದು."

"ತಪ್ಪು ಹೇಳಿದ್ರೆ?"

"ಆಗಲೂ ನೋಡಬಹುದು. ಒಂದೇ ಕೋಣೆ."

ಚಿಕ್ಕೀರ ತಲೆ ಕೆರೆದುಕೊಂಡು, ಬಯಲಿನಲ್ಲಿ ದೂರದರ್ಶಕದ ಪಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದ ರಾಜಕುಮಾರಿ ಪದ್ಮಾಜಮ್ಮಣ್ಣಿಯನ್ನು ಕೇಳಿದ, "ಚಿತ್ರ ಯಾವ ದಾರೀಲಿ ಬತ್ತದೆ ಅಮ್ಮಣ್ಣೀ?" ಅವಳು ಕೇಬಲ್ ತೋರಿಸಿದಳು.

"ಹತ್ತು ಬರೋದೂ ಇದ್ರಲ್ಲೇ, ಮೂವತ್ತು ಬರೋದೂ ಇದ್ರಲ್ಲೇನಾ?"

"ಇದ್ರಲ್ಲೇ."

"ದಾರಿ ಕಿರಿದು. ಅದಕ್ಕೇ ಕ್ಯಾಮೆರಾ ಎಲ್ಲಾನೂ ಅಮುಕಿ ಮುದುರಿ ತುರುಕ್ತದೇನೋ. ನಂಗೇನು ಗೊತ್ತು? ಐದಕ್ಕೆ ಇಳಿಸಿ ನೋಡಿ."

ಇಳಿಸಿದರು. ಚೌಕಗಳು ಮಾಯವಾದವು. ಪಟ್ಟೆ ಮಾತ್ರ ಬರಲಿಲ್ಲ. ದೊರೆ ಸಂತೋಷಪಡಬೇಕೋ ಬೇಡವೋ ತಿಳಿಯದೆ ಎರಡನೆಯ ಒಗಟು ಕೇಳಿದರು.

"ಕೊಳವೆ ಅಲುಗಲಿಲ್ಲ, ಗುರು ಅಲುಗಿದ. ಸಾವಿರ ಚಿತ್ರದಲ್ಲಿ ಸಾವಿರ ಮುಖ. ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಿದರೆ ಒಂದು ಮುಖವೂ ಇಲ್ಲ. ನಡುವೆ ಕೈಯಾಡಿಸಿದವನು ಯಾರು?"

ಚಿಕ್ಕೀರ ಪರದೆಯನ್ನೇ ನೋಡುತ್ತ ಕೂತ. "ಹೊಳೆ ತಳದ ಕಲ್ಲು ನೋಡಿದಂಗೆ ಐತೆ. ಅಲ್ಲಿ ನೀರು, ಇಲ್ಲಿ ಗಾಳಿ. ಒಂದೊಂದು ಗಳಿಗೆ ನಿಲ್ತದೆ, ಆಗ ನೆಟ್ಟಗೆ ಕಾಣ್ತಾನೆ. ಆ ಚಿತ್ರಗಳನ್ನೇ ಆರಿಸಿ ಕೂಡಿಸಿ."

ದರ್ಬಾರಿನವರು ಕಿವಿ ಮುಚ್ಚಿಕೊಂಡರು. ಹೊನ್ನಗುಡ್ಡದಲ್ಲಿ ಗುರುವಿನ ಒಂದು ಚಿತ್ರವನ್ನೂ ತಳ್ಳಿಹಾಕುವಂತಿರಲಿಲ್ಲ. ಹೇಗೆ ಬಂದರೂ ಅದು ದೇವರ ದರ್ಶನವೇ. ಅದಕ್ಕೇ ಅಲ್ಲಿ ಒಳ್ಳೆಯದು ಕೆಟ್ಟದ್ದು ನೋಡದೆ ಎಲ್ಲವನ್ನೂ ಭಕ್ತಿಯಿಂದ ಕೂಡಿಸುತ್ತಿದ್ದರು. ತಳ್ಳಿಹಾಕು ಎಂದವನನ್ನು ಗಲ್ಲಿಗೆ ಅಮಾವಾಸ್ಯೆಯವರೆಗೂ ಕಾಯಿಸುವ ಪದ್ಧತಿ ಇರಲಿಲ್ಲ.

"ಗುರುವನ್ನು ತಿಪ್ಪೆಗೆ ಎಸೆ ಅಂತೀಯೇನೋ?" ಎಂದು ದೊರೆ ಎದ್ದು ನಿಂತರು.

"ಎಸೀರಿ ಅಂತ ಯಾರಂದ್ರು ಬುದ್ಧೀ? ಎರಡನೇ ಪಂಕ್ತಿಗೆ ಕಾಯಿಸಿ ಅಂದೆ."

ದೊರೆ ಯೋಚಿಸಿದರು. ಪಂಕ್ತಿಗೆ ಕಾಯಿಸುವುದು ಅಪರಾಧವಾಗಿರಲಿಲ್ಲ. ಅರಮನೆಯಲ್ಲಿ ನೆಂಟರನ್ನೆಲ್ಲ ಹಾಗೆಯೇ ಕಾಯಿಸುತ್ತಿದ್ದರು. ಅವರು ತಲೆಯಾಡಿಸಿದರು. ಪದ್ಮಾಜಮ್ಮಣ್ಣಿ ಚೆನ್ನಾಗಿದ್ದ ಚಿತ್ರಗಳನ್ನು ಮೊದಲ ಪಂಕ್ತಿಗೆ ಕೂರಿಸಿದಳು. ಗುರುವಿಗೆ ಅಂಚು ಬಂತು. ಪಟ್ಟೆಯ ಜಾಗದಲ್ಲಿ ಏನೋ ಮಸಿ ಬಳಿದಂತೆ ಕಂಡಿತು.

"ಮೂರನೆಯದು," ಎಂದರು ದೊರೆ. "ಸಂಜೆ ದೀಪ ಹಚ್ಚಿದಾಗ ಶುರುಮಾಡಿ ಊಟಕ್ಕೆ ಕರೆಯುವವರೆಗೂ ಬಿಡದೆ ತೆಗೆದಿದ್ದೇನೆ. ಕಳ್ಳ ಎಲ್ಲೋ ಈ ನಡುವೆಯೇ ಬಂದಿದ್ದಾನೆ. ಬಾಗಿಲಿನಿಂದ ಬರಲಿಲ್ಲ, ಆಕಾಶದಿಂದ ಇಳಿಯಲಿಲ್ಲ. ಯಾರವನು?"

ಚಿಕ್ಕೀರ ಪರದೆಯ ಚಿತ್ರಗಳನ್ನು ಮತ್ತೆ ಮೊದಲಿನಿಂದ ನೋಡತೊಡಗಿದ. ಕಾವಲಿನವರು ಎದ್ದು ನಿಂತರು.

"ಹೊತ್ತು ಕಳೀಬೇಡ, ಏನಾದ್ರೂ ಹೇಳು," ಎಂದು ರಾಜಕುಮಾರಿ ಪಿಸುಗುಟ್ಟಿದಳು.

"ಅಮ್ಮಣ್ಣೀ, ಪಂಕ್ತೀಲಿ ಮೊದಲು ಬಂದವರನ್ನ ಕೊನೆಗೆ ಬಂದವರ ಪಕ್ಕ ಕೂರಿಸ್ತೀರಾ?"

ಕೂರಿಸಿದಳು. ಮೊದಲಿನ ಚಿತ್ರಗಳಲ್ಲಿ ಗುರುವಿನ ಅಂಚಿನಲ್ಲಿದ್ದ ಕಂದು ಮಚ್ಚೆ ಕೊನೆಯ ಚಿತ್ರಗಳಲ್ಲಿ ನಡುವಿಗೆ ಬಂದಿತ್ತು.

"ಅವನೇ ತಿರುಗವ್ನೆ!" ಚಿಕ್ಕೀರ ಕೂಗಿದ. "ತಿರುಗೋನನ್ನ ಅಷ್ಟು ಹೊತ್ತು ಹಿಡಿದ್ರೆ ಕಲಸಿಹೋಗದೆ ಏನಾಯ್ತದೆ? ಎರಡು ನಿಮಿಷದಲ್ಲಿ ಮುಗಿಸಿ."

"ಗುರು ನನಗೆ ಬೆನ್ನು ತಿರುಗಿಸಿದನೇ?"

"ಎಲ್ಲಾರ್ಗೂ ತಿರುಗಿಸ್ತಾನೆ ಬುದ್ಧೀ."

ಇದರಿಂದ ದೊರೆಗೆ ಸಮಾಧಾನವಾಯಿತು. ಐದರ ವೇಗ, ಎರಡು ನಿಮಿಷ, ಮೊದಲ ಪಂಕ್ತಿ ಮಾತ್ರ. ಪರದೆಯ ಮೇಲೆ ಎರಡು ಪಟ್ಟೆಗಳು ಬಂದವು. ಕಿರಿದಾದ ಕೇಬಲ್ಲು, ಅಲುಗುವ ಗಾಳಿ, ತಿರುಗುವ ಗುರು: ಕಳ್ಳರು ಮೂವರೂ ಸಿಕ್ಕಿದ್ದರು.

"ಇವರಲ್ಲಿ ಯಾರನ್ನು ಗಲ್ಲಿಗೇರಿಸುವುದು?" ದೊರೆ ಬಹಳ ಗೊಂದಲದಿಂದ ಕೇಳಿದರು. "ಕೇಬಲ್ಲನ್ನು ನೇತುಹಾಕಬಹುದು."

"ನಾಳೆ ಚಿತ್ರ ಬೇಡವೇನಪ್ಪಾಜಿ?" ಎಂದಳು ರಾಜಕುಮಾರಿ. "ಹಾಗೇ, ಬಹುಮಾನಕ್ಕೆ ನನ್ನ ಹೆಸರು ಹೇಳೋ ಮೊದಲು ನನ್ನನ್ನೂ ಒಂದು ಮಾತು ಕೇಳಬೇಕಿತ್ತು."

"ನಿಮ್ಮ ಅರ್ಧ ರಾಜ್ಯಾನೂ ನೀವೇ ಇಟ್ಕೊಳ್ಳಿ," ಎಂದ ಚಿಕ್ಕೀರ. "ನಮ್ಮಣ್ಣನ್ನ ಕೊಡಿ, ಸಾಕು."

ದೊರೆ ಒಪ್ಪಿದರು. ಇಬ್ಬರು ಯುವರಾಜರಿಗೂ ಕ್ಷಮೆ ಸಿಕ್ಕಿತು. ಮದುವೆ, ಸಂತೆ ಮತ್ತು ಜೋರು ನಗೆಗೆ ಮತ್ತೆ ಅಪ್ಪಣೆಯಾಯಿತು. ಮರುದಿನ ಬೆಳಿಗ್ಗೆ ದೊಡ್ಡೀರನನ್ನು ಬಿಟ್ಟರು. ಅಣ್ಣತಮ್ಮಂದಿರು ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರಿದರು.