ಕೆಂಚಿ ಕೂದಲು ಬಿಟ್ಟುಕೊಟ್ಟದ್ದು

ಆಗ ಭೂಮಿಯ ಮೇಲಿನ ಮಣ್ಣು ಇನ್ನೂ ಹಸಿಯಾಗಿತ್ತು. ಬೆಟ್ಟಗಳು ಆಗತಾನೇ ಎದ್ದು ಕೂತಿದ್ದವು. ಹೊಳೆಗೆ ಯಾವ ಕಡೆ ಹರಿಯಬೇಕೆಂದೇ ಗೊತ್ತಿರಲಿಲ್ಲ; ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿಕೊಂಡು ಹೋಗುತ್ತಿತ್ತು.

ಆ ಕಾಲದಲ್ಲಿ ಭೂತಾಯಿ ಎಲ್ಲ ಜೀವಿಗಳನ್ನೂ ಕರೆದು ಮೈಗೊಂದು ಹೊದಿಕೆ ಕೊಟ್ಟಳು, ಕಂದಾ.

“ಬಿಗಿಯಾದರೆ ಕಳಚಿಡುವ ಹಾಗಿರಲಿ” ಎಂದಿತು ಹಾವು. “ಹಾಗೇ ಆಗಲಿ” ಎಂದಳು ಭೂತಾಯಿ.

“ಹಳೆಯದು ಉದುರಲಿ, ಹೊಸದು ಬರಲಿ” ಎಂದಿತು ನವಿಲು. “ಹಾಗೇ ಆಗಲಿ” ಎಂದಳು ಭೂತಾಯಿ.

ಕೊನೆಗೆ ಬಂದವಳು ಕೆಂಚಿ. ಕೆಂಚು ಬಣ್ಣದ ನಾಯಿ. ಅವಳಿಗೆ ಮೇಲೆ ಒರಟು ಕೂದಲು, ಅದರಡಿಗೆ ಹತ್ತಿಯಂಥ ಮೆತ್ತನೆಯ ಕೂದಲು ಸಿಕ್ಕಿತು. ಖುಷಿಯೋ ಖುಷಿ! ಖುಷಿಯ ಹಿಂದೆಯೇ ಭಯವೂ ಬಂತು.

“ಅಮ್ಮಾ, ಇದು ನನ್ನನ್ನು ಬಿಟ್ಟು ಎಂದೂ ಹೋಗಬಾರದು. ಒಂದೆಳೆಯೂ ಉದುರಬಾರದು.”

“ಯೋಚನೆ ಮಾಡಿ ಕೇಳುತ್ತಿದ್ದೀಯಾ?”

“ಹೂಂ, ಮಾಡಿದೆ.”

“ಹಾಗೇ ಆಗಲಿ” ಎಂದಳು ಭೂತಾಯಿ.

ಆ ಬಯಲಿನಲ್ಲಿ ಮಾಳವ್ವ ಎಂಬಾಕೆ ಕುರಿ ಸಾಕಿಕೊಂಡಿದ್ದಳು. ಕೆಂಚಿ ಅವಳ ಕುರಿ ಕಾಯುತ್ತಿದ್ದಳು. ಮಾಳವ್ವ ತನ್ನ ಅಂಬಲಿಯಲ್ಲಿ ಅರ್ಧ ಅವಳಿಗೆ ಹೊಯ್ಯುತ್ತಿದ್ದಳು.

ಒಂದು ಮಳೆಗಾಲ ಹೋಯಿತು. ಕೂದಲು ಬೆಳೆಯಿತು. ಇನ್ನೊಂದು ಮಳೆಗಾಲ ಹೋಯಿತು. ಕೂದಲು ಇನ್ನೂ ಬೆಳೆಯಿತು. ನೆಗ್ಗಿಲು ಮುಳ್ಳು ಅಂಟಿತು, ಕೆಸರು ಅಂಟಿತು. ಉಣ್ಣಿಗಳು ಬಂದು ಒಳಗೇ ಸಂಸಾರ ಹೂಡಿದವು. ಕಿವಿಯ ಹಿಂದೆ, ಕಾಲಿನ ಸಂದಿಯಲ್ಲಿ ಕೂದಲು ಗಂಟುಗಟ್ಟಿ ಒಣಗಿದ ಬೆರಣಿಯಂತಾಯಿತು. ಬಿಸಿಲಿನಲ್ಲಿ ಕೆಂಚಿಯ ನಾಲಗೆ ನೆಲ ಮುಟ್ಟುವಷ್ಟು ಜೋತುಬೀಳುತ್ತಿತ್ತು.

“ಯಾಕೇ ಹಿಂಗೆ ಏದುಸಿರು ಬಿಡ್ತೀಯ?” ಎಂದು ಮಾಳವ್ವ ಕೇಳುತ್ತಿದ್ದಳು.

“ಏನಿಲ್ಲವ್ವ, ಓಡಿ ಬಂದೆ” ಎನ್ನುತ್ತಿದ್ದಳು ಕೆಂಚಿ.

ಮಾಳವ್ವ ಹತ್ತಿರ ಬಂದರೆ ಮೈ ಮುಟ್ಟಲು ಬಿಡುತ್ತಿರಲಿಲ್ಲ. ಕುರಿಗಳ ಉಣ್ಣೆ ಕತ್ತರಿಸುವ ದಿನವಂತೂ ಬಂಡೆಯ ಹಿಂದೆ ಅಡಗಿಬಿಡುತ್ತಿದ್ದಳು.

ಒಂದು ಬೆಳಿಗ್ಗೆ, ಹುಟ್ಟಿ ಮೂರು ದಿನವಾಗಿದ್ದ ಕುರಿಮರಿ ಕಾಲು ಜಾರಿ ಹೊಳೆಗೆ ಬಿತ್ತು. ಕೆಂಚಿ ಹಿಂದೆ ಮುಂದೆ ನೋಡದೆ ಹಾರಿದಳು. ಮರಿಯ ಕುತ್ತಿಗೆ ಕಚ್ಚಿ ಹಿಡಿದು ದಡಕ್ಕೆ ನೂಕಿದಳು. ಮರಿ ಮೇಲೆ ಹತ್ತಿತು, ಕೆಂಚಿಗೆ ಹತ್ತಲಾಗಲಿಲ್ಲ. ಅವಳ ಕೂದಲೆಲ್ಲ ನೀರು ಕುಡಿದು ನೆನೆದ ಕಂಬಳಿಯಂತೆ ಭಾರವಾಗಿತ್ತು. ಅದು ಅವಳನ್ನು ಕೆಳಕ್ಕೆ ಎಳೆಯಿತು, ಇನ್ನೂ ಕೆಳಕ್ಕೆ ಎಳೆಯಿತು.

“ಮಾಳವ್ವಾ, ಬೇಗ ಬಾ! ಇವಳನ್ನು ಎತ್ತಿ ಹಿಡಿಯುವ ಶಕ್ತಿ ನನಗಿಲ್ಲ!” ಎಂದು ಹೊಳೆ ಕೂಗಿತು.

ಮಾಳವ್ವ ಎದೆಮಟ್ಟದ ನೀರಿಗಿಳಿದಳು. ಎರಡೂ ಕೈಯಲ್ಲಿ ಕೆಂಚಿಯನ್ನು ತಬ್ಬಿ, ಏಳುತ್ತ ಬೀಳುತ್ತ ದಡಕ್ಕೆ ಎಳೆದು ಹಾಕಿದಳು. ಆಗ ಮೊದಲ ಸಲ ಅವಳ ಕೈಗೆ ಗಂಟುಗಳ ಅಡಿಯ ಹುಣ್ಣು ತಗುಲಿತು.

“ಅಯ್ಯೋ ನನ್ನ ತಾಯಿ! ಇಷ್ಟು ದಿನ ಇದನ್ನೆಲ್ಲ ಹೊತ್ತುಕೊಂಡೇ ಕುರಿ ಕಾದೆಯಾ? ಒಂದು ಮಾತು ಹೇಳಬಾರದಿತ್ತಾ?”

“ಹೇಳಿದರೆ ಕೂದಲು ತೆಗೆದುಬಿಡ್ತೀಯ ಅಂತ ಹೆದರಿದ್ದೆನವ್ವ.”

ಮಾಳವ್ವನ ಕಣ್ಣು ತುಂಬಿತು. ಕತ್ತರಿ ತಂದಳು. ಅಷ್ಟರಲ್ಲಿ ಮೇಲಿನಿಂದ ಸೂರ್ಯ ಹೇಳಿದ: “ಬೋಳಿಸಬೇಡವ್ವ. ಬರೀ ಚರ್ಮ ಕಂಡರೆ ನನ್ನ ಬಿಸಿಲು ಅದನ್ನು ಸುಟ್ಟೀತು. ಒಳಗೆ ಸತ್ತ ಕೂದಲನ್ನಷ್ಟೇ ಬಾಚಿ ತೆಗೆ.”

ಮಾಳವ್ವ ಕತ್ತರಿ ಬದಿಗಿಟ್ಟು, ಅಗಲ ಹಲ್ಲಿನ ಮರದ ಬಾಚಣಿಗೆ ತಂದಳು. ಕೂದಲಿನ ಬುಡವನ್ನು ಒಂದು ಕೈಯಲ್ಲಿ ಹಿಡಿದು, ನೋವಾಗದಂತೆ ತುದಿಯಿಂದ ಬಿಡಿಸುತ್ತ ಬಂದಳು. ಒಂದು ಗಂಟು ಬಿಡಿಸಿದಳು, ಕೆಂಚಿಯ ತಲೆ ಸವರಿದಳು. ಇನ್ನೊಂದು ಗಂಟು ಬಿಡಿಸಿದಳು, ಮತ್ತೆ ತಲೆ ಸವರಿದಳು. ಉಣ್ಣಿ ಆರಿಸಿದಳು, ಹುಣ್ಣಿಗೆ ಬೇವಿನೆಣ್ಣೆ ಹಚ್ಚಿದಳು. ಮೂರು ದಿನ ಹಿಡಿಯಿತು.

ಮೂರನೆಯ ದಿನ ಸಂಜೆ ಗಾಳಿ ಬೀಸಿತು. ಎಷ್ಟೋ ಕಾಲದ ಮೇಲೆ ಅದು ಕೆಂಚಿಯ ಚರ್ಮ ಮುಟ್ಟಿತು. ಕೆಂಚಿ ಕಿವಿ ಹಿಂದಕ್ಕೆ ಚಾಚಿ, “ಗಾಳಿಯಣ್ಣಾ, ನೀನು ಇಷ್ಟು ತಣ್ಣಗಿದ್ದೀಯಾ!” ಎಂದಳು.

ಪಕ್ಕದಲ್ಲಿ ಕುರಿಯಷ್ಟು ಎತ್ತರದ ಕೂದಲಿನ ರಾಶಿ. ಗುಬ್ಬಚ್ಚಿಯೊಂದು ಬಂದು ಕೂತಿತು.

“ಕೆಂಚಕ್ಕ, ನನ್ನ ಮರಿಗಳು ಚಳಿಗೆ ನಡುಗುತ್ತಿವೆ. ಒಂದಿಷ್ಟು ತಗೊಳ್ಳಲಾ?”

ಒಂದೆಳೆಗೂ ಜೀವ ಬಿಡುತ್ತಿದ್ದ ಕೆಂಚಿ, “ಒಂದಿಷ್ಟು ಯಾಕೆ? ನಿನ್ನ ನೆಂಟರನ್ನೂ ಕರಿ” ಎಂದಳು. ಗುಬ್ಬಚ್ಚಿಗಳು ಬಂದವು, ಅಳಿಲು ಬಂತು. ಎಲ್ಲರೂ ಬಾಯಿತುಂಬ ಕೂದಲು ಕಚ್ಚಿಕೊಂಡು ಹೋದರು. ಆ ದಿನ ಎಷ್ಟೋ ಗೂಡುಗಳು ಬೆಚ್ಚಗಾದವು.

ಕೆಂಚಿ ನೆಲಕ್ಕೆ ಮೂತಿಯಿಟ್ಟು ಭೂತಾಯಿಯನ್ನು ಕರೆದಳು.

“ಅಮ್ಮಾ, ಅಂದು ತಪ್ಪು ಕೇಳಿದೆ. ನನ್ನ ಕೂದಲೂ ಕಾಲಕಾಲಕ್ಕೆ ಸಡಿಲವಾಗಿ ಉದುರಲಿ.”

“ಉದುರಿಸುತ್ತೇನೆ. ಆದರೆ ಅದು ಮಾಳವ್ವನ ಕಂಬಳಿಯ ಮೇಲೆ ಬೀಳುತ್ತೆ, ಅಂಗಳದಲ್ಲಿ ಬೀಳುತ್ತೆ, ಅಂಬಲಿಯಲ್ಲೂ ಬೀಳುತ್ತೆ. ಬುಡದ ಸತ್ತ ಕೂದಲು ತಾನಾಗಿ ಬರೋದಿಲ್ಲ, ಅವಳೇ ಬಾಚಬೇಕು. ಅವಳು ಒಪ್ಪಬೇಕಲ್ಲ?”

ಕೆಂಚಿ ಅಂಜುತ್ತ ಮಾಳವ್ವನ ಕಡೆ ನೋಡಿದಳು.

ಮಾಳವ್ವ ನಕ್ಕುಬಿಟ್ಟಳು. “ನನ್ನ ಮರಿಗೋಸ್ಕರ ಜೀವಾನೇ ಕೊಡೋಕೆ ಹೋದವಳು ನೀನು. ನಾಲ್ಕು ಕೂದಲು ಗುಡಿಸೋದು ನನಗೆ ಕಷ್ಟವಾ? ಬೀಳಲಿ ಬಿಡೇ.”

“ಹಾಗೇ ಆಗಲಿ” ಎಂದಳು ಭೂತಾಯಿ.

ಕಂದಾ, ಅದಾಗಿ ಎಷ್ಟೋ ಕಾಲವಾಯಿತು. ನಾಯಿಗಳಿಗೆ ಮಾತು ಮರೆತುಹೋಗಿದೆ, ಉಪಕಾರ ಮರೆತಿಲ್ಲ. ಅದಕ್ಕೇ ಇಂದಿಗೂ ಬೇಸಗೆ ಬರುವ ಹೊತ್ತಿಗೆ ನಮ್ಮ ನಾಯಿ ಚಾಪೆ, ದಿಂಬು, ನಿನ್ನ ಸ್ಕೂಲಿನ ಕಾಲುಚೀಲ, ಎಲ್ಲದರ ಮೇಲೂ ಕೂದಲು ಉದುರಿಸುತ್ತದೆ; ನೀನು ಬಾಚಣಿಗೆ ಹಿಡಿದು ಕೂತರೆ ಸಾಕು, ಬಂದು ತನ್ನ ಭಾರವನ್ನೆಲ್ಲ ನಿನ್ನ ಮೊಣಕಾಲಿಗೆ ಒರಗಿಸಿ ಕಣ್ಣು ಮುಚ್ಚುತ್ತದೆ.